ನಲ್ಲಿ ತಾತ ವಾಲ್ವ್ ತೆರೆದ ದಿನ

ನಮ್ಮ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಕರೆ ಹೋಗುವುದು ನಲ್ಲಿ ತಾತನಿಗೇ. ಸ್ಪ್ಯಾನರ್ ಹಿಡಿದು ಒಳಗೆ ಕಾಲಿಟ್ಟವನೇ ಕೂಗುತ್ತಾನೆ, "ಮೊದ್ಲು ಮೇನ್ ವಾಲ್ವ್ ಬಂದ್ ಮಾಡಿ!" ಊಟ ಬಿಟ್ಟಾನು, ಈ ಮಾತು ಬಿಡಲಾರ.

ತಾತನ ಮೊಮ್ಮಗಳಿಗೆ ಒಂದೂವರೆ ವರ್ಷ. ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಬುಗುರಿ. ಮೊನ್ನೆ ಬುಗುರಿಗೆ ಭೇದಿ ಶುರುವಾಯಿತು. ಬಟ್ಟೆ ಬದಲಿಸಿ ಬದಲಿಸಿ ಅವಳಮ್ಮನಿಗೆ ಸಾಕಾಗಿ ಹೋಯಿತು. ಮಗು ನೀರಿನ ಲೋಟಕ್ಕೆ ಕೈ ಚಾಚಿದರೆ, ತಾತ ಲೋಟವನ್ನೇ ಎತ್ತಿ ಕಪಾಟಿನ ಮೇಲಿಟ್ಟ.

"ಅಪ್ಪಾ, ಮಗೂಗೆ ಬಾಯಾರಿದೆ," ಅಂದಳು ಮಗಳು.

"ಸುಮ್ನಿರಮ್ಮ. ಮೇಲೆ ಹಾಕಿದ್ದೆಲ್ಲ ಕೆಳಗೆ ಹೋಗ್ತಿದೆ. ಸೋರೋವಾಗ ನೀರು ಬಂದ್ ಮಾಡ್ಬೇಕು. ನಂಗೇ ಕಲಿಸ್ತೀಯಾ?"

ಮಧ್ಯಾಹ್ನದ ಹೊತ್ತಿಗೆ ಬುಗುರಿ ಮೂಲೆಯಲ್ಲಿ ಮಲಗಿಬಿಟ್ಟಳು. ಅತ್ತರೆ ಕಣ್ಣೀರೇ ಇಲ್ಲ. ಅದನ್ನು ಕಂಡದ್ದೇ ಮಗಳು ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದಳು. ಸ್ಪ್ಯಾನರ್ ಸಮೇತ ತಾತನೂ ಹಿಂದೆಯೇ ಓಡಿದ.

ನರ್ಸಕ್ಕ ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಳು. ಅದು ನಿಧಾನವಾಗಿ ಇಳಿಯಿತು.

"ಕಣ್ಣು ಗುಳಿ ಬಿದ್ದಿದೆ. ಉಚ್ಚೆ ಹೊಯ್ದಳಾ?"

"ಬೆಳಗ್ಗೆಯಿಂದ ಇಲ್ಲ, ಅಕ್ಕ."

"ನೀರು?"

ಮಗಳು ತಾತನ ಮುಖ ನೋಡಿದಳು. ತಾತ ತನ್ನ ಸಿದ್ಧಾಂತ ಒಪ್ಪಿಸಿದ. ನರ್ಸಕ್ಕ ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದಳು.

"ಮೇಸ್ತ್ರಿಗಳೇ, ಒಂದು ತೊಟ್ಟಿ ಸೋರ್ತಿದೆ. ಮೇಲಿಂದ ನೀರೂ ಬಂದ್. ಸಂಜೆಗೆ ಅದರಲ್ಲಿ ಏನುಳಿಯುತ್ತೆ?"

"ತಳ," ಅಂದ ತಾತ. ಅಂದ ಮೇಲೆ ಅವನ ಮುಖ ಬಿಳಿಚಿಕೊಂಡಿತು.

"ಎಷ್ಟೋ ಕೂಸುಗಳು ಹೋಗೋದು ಹೀಗೇ. ಮೈಯಲ್ಲಿರೋ ನೀರು, ಉಪ್ಪು ಖಾಲಿಯಾಗಿ. ಬನ್ನಿ, ವಾಲ್ವ್ ತೆರೀರಿ. ಸಂಜೆಯೊಳಗೆ ಉಚ್ಚೆ ಹೋಗದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಓಆರ್‌ಎಸ್ ಎಂಬ ಉಪ್ಪು-ಸಕ್ಕರೆ ಪುಡಿಯ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು, ಅದೂ ಕಾಯಿಸಿ ಆರಿಸಿದ್ದು. ನರ್ಸಕ್ಕ ಇಡೀ ಪುಡಿ ಒಂದೇ ಸಲ ಸುರಿದು ಕಲಸಿದಳು. "ಒಂಚೂರು ಸಕ್ಕರೆ ಹಾಕ್ಲಾ?" ಅಂದ ತಾತನಿಗೆ, "ನಿಮ್ಮ ಕೈಚಳಕ ಪೈಪಿಗಿರಲಿ, ಮೊದ್ಲು ಸೋಪು ಹಾಕಿ ಕೈ ತೊಳ್ಕೊಳ್ಳಿ. ಮೋರಿ ಪೈಪು ಮುಟ್ಟಿದ ಕೈಯಲ್ಲೇ ಮೊಮ್ಮಗಳಿಗೆ ಕುಡಿಸೋದಾ?" ಎಂದು ಚಮಚ ಕೊಟ್ಟಳು.

ತಾತ ಕೈ ತೊಳೆದು ಬಂದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚ ಚಮಚವಾಗಿ ಕುಡಿಸಿದ. ಬುಗುರಿ ಒಮ್ಮೆ ವಾಂತಿ ಮಾಡಿದಾಗ, "ನಾನು ಹೇಳ್ಲಿಲ್ವಾ!" ಎಂದು ಎದ್ದೇಬಿಟ್ಟ.

"ಕೂತ್ಕೊಳ್ಳಿ. ಹತ್ತು ನಿಮಿಷ ತಡೆದು, ಇನ್ನೂ ನಿಧಾನಕ್ಕೆ ಕೊಡಿ."

ಕೊಟ್ಟ. ಅಷ್ಟು ತಾಳ್ಮೆಯಿಂದ ತಾತ ಯಾವ ನಲ್ಲಿಯ ಮುಂದೆಯೂ ಕೂತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತೊಡೆ ಬೆಚ್ಚಗಾಯಿತು, ಆಮೇಲೆ ಒದ್ದೆಯಾಯಿತು.

"ಸೋರ್ತು! ನರ್ಸಮ್ಮ, ನನ್ ಬಂಗಾರಿ ಸೋರ್ತು!"

ಜನ್ಮದಲ್ಲಿ ಮೊದಲ ಸಲ ತಾತ ಒಂದು ಸೋರಿಕೆ ಕಂಡು ಕುಣಿದ. ಸರದಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮಗಳು ನಗುತ್ತಲೇ ಅತ್ತಳು. ಬುಗುರಿ ಚಮಚ ಕಿತ್ತುಕೊಂಡು, "ಇನ್ನೂ" ಅಂದಳು.

ಮನೆಗೆ ಹೊರಟಾಗ ನರ್ಸಕ್ಕ ಜಿಂಕ್ ಮಾತ್ರೆ ಕೊಟ್ಟು, "ಭೇದಿ ನಿಂತ್ರೂ ಪೂರ್ತಿ ಮುಗಿಸ್ಬೇಕು. ಊಟ, ಎದೆಹಾಲು ಯಾವ್ದೂ ನಿಲ್ಲಿಸ್ಬೇಡಿ," ಅಂದಳು.

ಈಗ ತಾತ ರಿಪೇರಿಗೆ ಹೋದರೆ ಎರಡು ಮಾತು. "ಮೇನ್ ವಾಲ್ವ್ ಬಂದ್ ಮಾಡಿ. ಮನೇಲಿ ಓಆರ್‌ಎಸ್ ಇದೆಯಾ?"

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿದೆಯಾ? ಇಲ್ಲದಿದ್ದರೆ ಇವತ್ತೇ ತಂದಿಡಿ. ಮಗುವಿಗೆ ಭೇದಿಯಾದರೆ ಮೊದಲ ಗಳಿಗೆಯಿಂದಲೇ ಕುಡಿಸಿ. ಮಗು ಮಂಕಾದರೆ, ಕುಡಿಯಲಾಗದಿದ್ದರೆ, ಕಣ್ಣು ಗುಳಿ ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಓಡಿ. ಸೋರುವ ನಲ್ಲಿಯನ್ನು ತಾತ ಬಂದ್ ಮಾಡಲಿ. ಮಗುವಿನ ಲೋಟವನ್ನು ಮಾತ್ರ ಯಾರೂ ಕಪಾಟಿನ ಮೇಲಿಡಬೇಡಿ.