ಎರಡನೇ ನೋಟ

ಸತ್ತು ಮೂರು ದಿನವಾಗಿದ್ದ ದೊಡ್ಡ ಡಾಕ್ಟರು ಟೈಪಿಸ್ಟಮ್ಮನ ಕಿವಿಯಲ್ಲಿ ಗಂಟಲು ಸರಿಮಾಡಿಕೊಂಡರು. ಕುರ್ಚಿ ಕಿರುಗುಟ್ಟಿತು. ಲಕೋಟೆಯಿಂದ ಎಕ್ಸ್‌ರೇ ಪಟ ಎಳೆದ ಸದ್ದು ಬಂತು. "ಹ್ಞೂಂ, ಒಂದು," ಎಂದರು.

ಅವಳು ಪೆಡಲಿನಿಂದ ಕಾಲೆತ್ತಿ ಟೇಪು ನಿಲ್ಲಿಸಿದಳು. ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಗಾಜಿನ ಬಾಗಿಲಿನಾಚೆ ನೋಡಿದಳು. ಅವರ ಕೋಣೆಯಲ್ಲಿ ಯಾರೂ ಇರಲಿಲ್ಲ. ಪಟ ನೋಡುವ ಬೆಳಕಿನ ಪೆಟ್ಟಿಗೆ ಆರಿತ್ತು. ಕುರ್ಚಿಯ ಮೆತ್ತೆಯಲ್ಲಿ ಅವರು ಕೂತ ಗುಂಡಿ ಹಾಗೇ ಉಳಿದಿತ್ತು. ಅದನ್ನು ತಟ್ಟಿ ಸರಿಮಾಡಬೇಕೆಂದು ಎಲ್ಲರಿಗೂ ಅನ್ನಿಸಿ, ಎಲ್ಲರೂ ಇನ್ನೊಬ್ಬರಿಗೆ ಬಿಟ್ಟಿದ್ದರು.

"ಹೆದರ್ಕೊಂಡ್ರಾ?"

ಟೀ ಲೋಟ ಹಿಡಿದು ನಿಂತಿದ್ದವನು ಗೂಬೆಯಣ್ಣ. ಪಟ ತೆಗೆದು ತೊಳೆಯುವ ಕೆಲಸ ಅವನದು. ಕತ್ತಲೆ ಕೋಣೆಯಿಂದ ಹೊರಬಂದಾಗಲೆಲ್ಲ ಕಣ್ಣು ಪಿಳಿಪಿಳಿ ಬಿಡುತ್ತಿದ್ದುದರಿಂದ ಅವನಿಗೆ ಆ ಹೆಸರು ಅಂಟಿಕೊಂಡಿತ್ತು.

"ಹೆದರೋಕೇನಿದೆ. ಇಪ್ಪತ್ತೆರಡು ವರ್ಷದಿಂದ ಕೇಳಿದ ದನಿ."

"ಬದುಕಿದ್ದಾಗ ಕೇಳಿದ್ದು ಬೇರೆ ಬಿಡಿ. ನಿನ್ನೆ ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಯ್ತು. 'ಇನ್ನೂ ಒಣಗಿಲ್ಲ ಸಾರ್, ಎರಡು ನಿಮಿಷ' ಅಂತ ಹೇಳೇಬಿಟ್ಟೆ. ಆಮೇಲೆ ನನಗೇ ಬೆವರು."

ಅವನು ಟೀ ಇಟ್ಟು, ಮೂಲೆಯಲ್ಲಿದ್ದ ಹೀಟರನ್ನು ಕಾಲಿನಿಂದಲೇ ಅವಳ ಪಾದದ ಕಡೆಗೆ ತಳ್ಳಿ, ಏನೂ ಮಾಡದವನ ಹಾಗೆ ಹೊರಟುಹೋದ. ಚಳಿಗಾಲ ಮುಗಿಯುತ್ತ ಬಂದಿದ್ದರೂ ಆ ವಾರ ಮತ್ತೆ ತಿರುಗಿ ಬಂದು ಕಚ್ಚುತ್ತಿತ್ತು. ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟಿ, ಬೀದಿಯಲ್ಲಿ ಹೋಗುವವರು ಬರಿಯ ನೆರಳುಗಳಾಗಿ ಕಾಣುತ್ತಿದ್ದರು.

ಆ ಕ್ಲಿನಿಕ್ಕಿನ ಕೆಲಸದ ಪರಿ ಬಹಳ ವರ್ಷದಿಂದ ಒಂದೇ. ಸಂಜೆ ಐದಕ್ಕೆ ದೊಡ್ಡ ಡಾಕ್ಟರು ದಿನದ ಪಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಕಂಡದ್ದನ್ನು ಟೇಪಿಗೆ ಹೇಳುವರು. ಮರುದಿನ ಅವಳು ಅದನ್ನು ಕೇಳಿ ವರದಿ ಟೈಪು ಮಾಡುವಳು. ಅವರು ಓದದೆಯೇ ಸಹಿ ಹಾಕುವರು. ವಾರಕ್ಕೆ ಆರು ಟೇಪು. ಈ ಸೋಮವಾರದ ಮಾತು ಹೋದ ಸೋಮವಾರದ ಮಾತನ್ನು ಅಳಿಸಿಕೊಂಡು ಅಲ್ಲಿ ಕೂರುತ್ತಿತ್ತು. ಇಷ್ಟು ವರ್ಷದಲ್ಲಿ ಅವರಿಬ್ಬರು ಮುಖ ನೋಡಿ ಆಡಿದ ಮಾತು ಕಡಿಮೆ. ಅವರು ಅರ್ಧ ಹೇಳಿದರೆ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಅದು ಇಬ್ಬರಿಗೂ ಒಳಗೊಳಗೇ ಹೆಮ್ಮೆಯ ವಿಷಯ.

ಕಳೆದ ಬೇಸಿಗೆಯಲ್ಲಿ ಅವರು ಹೇಳಿದ್ದನ್ನೇ ಹೇಳತೊಡಗಿದರು. ಹನ್ನೊಂದನೆಯ ಪಟ ಮುಗಿದ ಮೇಲೆ ಇದ್ದಕ್ಕಿದ್ದಂತೆ "ನಾಲ್ಕು" ಎಂದು ಶುರುಮಾಡಿ, ನಾಲ್ಕನೆಯದನ್ನು ಮತ್ತೆ ಮೊದಲಿಂದ ಒಪ್ಪಿಸುವರು. ಮೊದಲ ಸಲ ಅವಳಿಗೆ ನಗು ಬಂತು. ಮೂರನೆಯ ಸಲ ಕಣ್ಣು ತುಂಬಿತು. ಪಾಪ, ಅರಳುಮರಳು ಶುರುವಾಯಿತು ಎಂದುಕೊಂಡಳು. ಕೈಕೆಳಗೆ ಚಿಕ್ಕ ಡಾಕ್ಟರು ಬಂದು ಸೇರಿದ್ದ ಸಮಯ. ಗೊತ್ತಾದರೆ ದೊಡ್ಡ ಡಾಕ್ಟರಿಗೆ ಹಾರ ಹಾಕಿ ಮನೆಗೆ ಕಳಿಸಿಬಿಟ್ಟಾರು. ಹಾಗಾಗಿ ಅವಳು ಸದ್ದಿಲ್ಲದೆ ಮೊದಲನೆಯದನ್ನು ಉಳಿಸಿಕೊಂಡು, ಎರಡನೆಯದು ಶುರುವಾಗುತ್ತಲೇ ಗುಂಡಿ ಒತ್ತಿ ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದಳು. ಹಾಗೆ ಓಡುವಾಗ ಅವರ ದನಿ ಕೀಚಲಾಗಿ ಹಕ್ಕಿಮರಿಯ ಹಾಗೆ ಕೂಗುತ್ತಿತ್ತು. ಅದನ್ನು ಕೇಳಲಾರದೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಡುತ್ತಿದ್ದಳು.

ಈಗ ಕೈಯಲ್ಲಿದ್ದುದು ಶನಿವಾರದ ಟೇಪು, ಅವರು ಕಡೆಯದಾಗಿ ಮಾತಾಡಿದ್ದು. ಹದಿನಾಲ್ಕು ಪಟ ಮುಗಿದವು. ಒಂದು ಗುಟುಕು ಟೀ ಕುಡಿದ ಸದ್ದು. ಆಮೇಲೆ, "ಆರು" ಎಂದರು.

ರೂಢಿಯಂತೆ ಬೆರಳು ಗುಂಡಿಗೆ ಹೋಯಿತು; ಒತ್ತಲು ಮನಸ್ಸು ಬರಲಿಲ್ಲ. ಇನ್ನು ಈ ಮನುಷ್ಯ ಮಾತಾಡುವುದು ಇಷ್ಟೇ ತಾನೇ, ಎರಡು ಸಲ ಹೇಳಿದರೇನು, ಹೇಳಲಿ ಎಂದು ಕೈ ಮಡಿಚಿ ಕೂತಳು. ಅವರು ಆರನೆಯದನ್ನು ನಿಧಾನವಾಗಿ ಹೇಳಿ ಮುಗಿಸಿದರು. ಬಳಿಕ ದನಿ ಹತ್ತಿರವಾಯಿತು, ಮೇಜಿನ ಮೇಲೆ ಬಗ್ಗಿದವರ ಹಾಗೆ.

"ಟೈಪಿಸ್ಟಮ್ಮ, ಇದೇ ಸರಿಯಾದ್ದು. ಯಾವತ್ತಿನ ಹಾಗೆ ಮೊದಲಿಂದು ಬಿಟ್ಟು ಇದನ್ನ ಹಾಕ್ಬಿಡಿ. ಪಕ್ಕೆಲುಬಿನ ಬಿರುಕು ಮೊದಲ ಸಲ ತಪ್ಪಿಸ್ಕೊಂಡಿತ್ತು ನೋಡಿ. ಕಣ್ಣು ಮೊದಲಿನ ಹಾಗಿಲ್ಲ. ಅನುಮಾನ ಬಂದಿದ್ದನ್ನ ಕೊನೇಲಿ ಇನ್ನೊಂದ್ಸಲ ನೋಡೋದು ಒಳ್ಳೇದು. ನಿಮಗೆ ಹೇಳೋದೇನಿದೆ, ನೀವು ಮಾಡ್ಕೊಂಡೇ ಬಂದಿದೀರಿ."

ಟೇಪು ಖಾಲಿಯಾಗಿ ಸುತ್ತುತ್ತಲೇ ಇತ್ತು. ಟೀ ಮೇಲೆ ಕೆನೆ ಕಟ್ಟಿತು.

ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಅವಳು ಉಳಿದ ಐದು ಟೇಪುಗಳನ್ನು ಕೇಳಿದಳು. ಅವರು ಸತ್ತಿದ್ದರಿಂದ ಅವು ಅಳಿಯದೆ ಉಳಿದಿದ್ದವು. ಐದರಲ್ಲೂ ಸೇರಿ ನಾಲ್ಕು ಪಟಗಳು ಎರಡನೇ ಸಲ ಬಂದಿದ್ದವು. ಮೂರರಲ್ಲಿ ಮೊದಲು ಹೇಳಿದ್ದೇ ಮತ್ತೆ. ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು. ನಾಲ್ಕನೆಯದು ಗುರುವಾರದ್ದು. "ಏಳು. ಹೆಂಗಸು, ಮೂವತ್ತನಾಲ್ಕು, ಬಸ್ ಕಂಡಕ್ಟರು, ಆರು ವಾರದ ಕೆಮ್ಮು." ಎಂಟು ಸಾಲು ಮೊದಲಿನ ಹಾಗೇ. ಒಂಬತ್ತನೆಯದು ಮಾತ್ರ ಮೊದಲ ಸಲ ಇರಲಿಲ್ಲ. "ಎಡಗಡೆ, ಹೃದಯದ ಮರೆಯಲ್ಲಿ, ಬಟಾಣಿ ಕಾಳಿನಷ್ಟು ನೆರಳು. ಬೇಗ ಇನ್ನೊಂದು ಪಟ ತೆಗೀಬೇಕು." ಸ್ವಲ್ಪ ತಡೆದು, "ಬೇಗ," ಎಂದು ಇನ್ನೊಮ್ಮೆ.

ಫೈಲಿನಲ್ಲಿದ್ದ ವರದಿಯ ಪ್ರತಿ ತೆಗೆದು ನೋಡಿದಳು. ಶ್ವಾಸಕೋಶ ಶುಭ್ರವಾಗಿದೆ. ಕೆಳಗೆ ಅವರ ಓರೆ ಸಹಿ. ವರದಿ ಶನಿವಾರವೇ ಹೋಗಿತ್ತು.

ಆ ಹೆಂಗಸು ನೆನಪಿದ್ದಳು. ಕಾಯುವ ಬೆಂಚಿನ ಮೇಲೆ ಕೂತು, "ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿ ಕೂಗಿ ನನ್ನ ಗಂಟಲೇ ಹಿಂದೆ ಉಳ್ಕೊಂಡಿದೆ ಕಣ್ರೀ," ಎಂದು ಬೆಂಚಿನವರನ್ನೆಲ್ಲ ನಗಿಸಿದ್ದಳು.

ಮನೆಯಲ್ಲಿ ಅಕ್ಕ ಕುರ್ಚಿಯಲ್ಲಿ ಕೂತು ಸ್ವೆಟರು ಹೆಣೆಯುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅವಳ ಓಡಾಟವೆಲ್ಲ ನಾಲಿಗೆಯಲ್ಲೇ.

"ಏನೇ ಅದು ಮುಖ, ಇಸ್ತ್ರಿ ಸುಟ್ಟ ಬಟ್ಟೆ ಹಾಗೆ?"

ಟೈಪಿಸ್ಟಮ್ಮ ಎಲ್ಲವನ್ನೂ ಹೇಳಿದಳು. ಅಕ್ಕನ ಸೂಜಿ ನಿಂತಿತು, ಮತ್ತೆ ನಡೆಯಿತು.

"ಅದಕ್ಕೇನೀಗ? ಟೇಪು ಇದೆಯಲ್ಲ. ಹೊಸದಾಗಿ ಒಂದು ಹಾಳೆ ಹೊಡೆದು ಆ ಚಿಕ್ಕವನ ಸಹಿ ಹಾಕಿಸಿ ಕಳಿಸು. ಸಾಯೋ ಮುಂಚೆ ದೊಡ್ಡವರು ತಿದ್ದಿದ್ರು ಅನ್ನು. ಸುಳ್ಳೇನಲ್ಲ."

"ಅವಳೊಬ್ಬಳಿಗೆ ಅಷ್ಟು ಸಾಕು ಅಕ್ಕಾ. ಬೇಸಿಗೆಯಿಂದ ಈಚೆ ಇನ್ನೂ ಯಾರ್ಯಾರಿದಾರೋ. ಆ ಟೇಪುಗಳು ಒಂದೂ ಇಲ್ಲ."

"ಇಲ್ಲದ್ದಕ್ಕೆ ನೀನೇನು ಮಾಡ್ತೀಯ?"

"ಪಟಗಳಿವೆ, ಉಗ್ರಾಣದಲ್ಲಿ. ಎಲ್ಲಾನೂ ಮತ್ತೆ ನೋಡಬಹುದು. ಆದ್ರೆ ಯಾಕೆ ನೋಡಬೇಕು ಅಂತ ನಾನೇ ಬಾಯಿ ಬಿಟ್ಟು ಹೇಳಬೇಕಲ್ಲ."

ಅಕ್ಕ ಒಂದು ಸಾಲು ಪೂರ್ತಿ ಹೆಣೆದಳು. "ನಿನ್ನ ಕೆಲಸ ಹೋಗುತ್ತೆ."

"ಹೋಗುತ್ತೆ."

"ಹೂಂ." ಇನ್ನೊಂದು ಅರ್ಧ ಸಾಲು. "ಬೆಳಿಗ್ಗೆ ನನ್ನ ದಪ್ಪ ಶಾಲು ಹೊದ್ಕೊಂಡು ಹೋಗು. ನಿಂದು ಸವೆದು ಜಾಲರಿಯಾಗಿದೆ."

ಪಾತ್ರೆ ತೊಳೆಯುವಾಗ ನಲ್ಲಿಯ ನೀರು ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡ ಹಾಗೆ ಮತ್ತೆ ಹರಿಯಿತು. ಟೈಪಿಸ್ಟಮ್ಮ ಒದ್ದೆ ಕೈಯಲ್ಲೇ ತಿರುಗಿ ನೋಡಿದಳು. ಬೇಸಿಗೆಯಿಂದ ಈಚೆಗೆ ಬೆಂಚಿನ ಮೇಲೆ ಕೂತುಹೋದ ಮುಖಗಳನ್ನು ನೆನೆಯಲು ನೋಡಿದಳು. ಒಬ್ಬ ಬಡಗಿ. ಬಾಣಂತಿ. ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡ ಮೇಷ್ಟ್ರು. ಅಷ್ಟರಲ್ಲೇ ಅವು ಒಂದರೊಳಗೊಂದು ಕರಗಿಹೋಗುತ್ತಿದ್ದವು. ಉಳಿಯುತ್ತಿದ್ದುದು ಹಕ್ಕಿಮರಿಯ ದನಿಯೊಂದೇ. ತಾನು ಓಡಿಸಿಬಿಟ್ಟ ಆ ಕೂಗಿನಲ್ಲಿ ಎಷ್ಟು ಸಲ "ಬೇಗ" ಇತ್ತೋ.

ಮರುದಿನ, ಗುರುವಾರ ಬೆಳಿಗ್ಗೆ, ಅವಳು ಚಿಕ್ಕ ಡಾಕ್ಟರ ಕೋಣೆಗೆ ಹೋಗಿ, ಕೂರಿ ಎಂದರೂ ಕೂರದೆ ಹೇಳಿದಳು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಯಾವುದು ಬಿಡಬೇಕು ಯಾವುದು ಇಡಬೇಕು ಅಂತ ನಿರ್ಧಾರ ಮಾಡೋಕೆ ನೀವು ಯಾರ್ರೀ?"

"ಯಾರೂ ಅಲ್ಲ ಸಾರ್."

"ಒಂದು ಮಾತು ಅವರನ್ನ ಕೇಳಬಹುದಿತ್ತಲ್ಲ! ಎದುರು ಕೋಣೇಲೇ ಇದ್ರು!"

"ಕೇಳಿದ್ರೆ ಅವರಿಗೆ ಅವಮಾನ ಆಗುತ್ತೆ ಅಂದ್ಕೊಂಡೆ."

ಚಿಕ್ಕ ಡಾಕ್ಟರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದಲೇ ಬೇರೆ ದನಿಯಲ್ಲಿ, "ಸಂಜೆ ಯಾಕೆ ಅಷ್ಟು ತಡ ಮಾಡ್ತಾರೆ ಅಂತ ನಾನೂ ಅಂದ್ಕೊಳ್ತಿದ್ದೆ. ವಯಸ್ಸಾಯ್ತು, ಕೈ ನಿಧಾನ ಅಂತ," ಎಂದರು. ತಿರುಗಿದಾಗ ಮುಖ ಗಂಟಿಕ್ಕಿತ್ತು. "ನಿಮ್ಮ ಕೆಲಸದ ವಿಷಯ ಇದೆಲ್ಲ ಮುಗಿದ ಮೇಲೆ ನೋಡೋಣ. ಎಷ್ಟು ಪಟ ಇರಬಹುದು?"

"ಎರಡು ಸಾವಿರದ ಮೇಲೆ."

"ತೆಗೆಸಿ."

ಅವಳು ಮತ್ತು ಗೂಬೆಯಣ್ಣ ಉಗ್ರಾಣದಿಂದ ಲಕೋಟೆಗಳನ್ನು ಹೊತ್ತು ತಂದರು. ಅವನು ಭಾರದ ಕಟ್ಟುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಚಿಕ್ಕ ಡಾಕ್ಟರು ದೊಡ್ಡವರ ಕುರ್ಚಿಯ ಮೆತ್ತೆಯನ್ನು ತಟ್ಟದೆ, ಆ ಗುಂಡಿಯ ಮೇಲೆಯೇ ಕೂತು ಬೆಳಕಿನ ಪೆಟ್ಟಿಗೆ ಹಚ್ಚಿದರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನೂರ ನಲವತ್ತು ನೋಡಿ, ಅನುಮಾನ ಬಂದ ಎರಡನ್ನು ಪಕ್ಕಕ್ಕೆ ಎತ್ತಿಟ್ಟಿದ್ದರು.

ಅಷ್ಟೊತ್ತಿಗೆ ಕಂಡಕ್ಟರು ಬಂದಳು. ಯೂನಿಫಾರಂ ಮೇಲೆ ಖಾಕಿ ಕೋಟು ಹಾಕಿಕೊಂಡು, ಫೋನು ಬಂದೊಡನೆ ಡ್ಯೂಟಿ ನಡುವೆಯೇ ಎದ್ದು ಬಂದಿದ್ದಳು.

"ಏನ್ರೀ ಇದು, ಎಲ್ಲಾ ಸರಿಯಾಗಿದೆ ಅಂತ ಕಾಗದ ಬಂತಲ್ಲ? ನನ್ನ ಮಗಳು ಅದನ್ನ ಗೋಡೆಗೆ ಬೇರೆ ಅಂಟಿಸಿದಾಳೆ."

ಚಿಕ್ಕ ಡಾಕ್ಟರು ಬಾಯಿ ತೆರೆಯುವ ಮೊದಲೇ ಟೈಪಿಸ್ಟಮ್ಮ, "ನಾನು ಹೇಳ್ತೀನಿ ಸಾರ್," ಎಂದಳು. ಹೇಳಿದಳು. ಹೇಳುವಾಗ ನೆಲ ನೋಡಬಾರದೆಂದು ಅವಳ ಕೋಟಿನ ಎರಡನೇ ಗುಂಡಿಯನ್ನು ನೋಡುತ್ತಿದ್ದಳು.

ಕಂಡಕ್ಟರು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕೇಳಿದಳು: "ಅಂದ್ರೆ ಅವರು ಕಂಡಿದ್ರು. ನೀವು ಬರೀಲಿಲ್ಲ."

"ಹೌದು."

"ಯಾಕೆ?"

"ವಯಸ್ಸಾಯ್ತು, ಹೇಳಿದ್ದೇ ಹೇಳ್ತಿದಾರೆ ಅಂದ್ಕೊಂಡೆ. ಪೂರ್ತಿ ಕೇಳಲಿಲ್ಲ."

ಹೊರಗೆ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋಯಿತು. ಕಂಡಕ್ಟರು ಅದು ತಿರುವು ದಾಟುವವರೆಗೂ ಕಿವಿಗೊಟ್ಟಳು.

"ನಮ್ಮಪ್ಪನೂ ಹೇಳಿದ್ದೇ ಹೇಳ್ತಾನೆ," ಎಂದಳು. "ನಾನೂ ಕೇಳಲ್ಲ."

ಅದು ಕ್ಷಮೆಯೋ ಬೈಗುಳವೋ ತಿಳಿಯಲಿಲ್ಲ. ಅವಳ ಮುಖದಲ್ಲಿ ಎರಡೂ ಇರಲಿಲ್ಲ. ಗುಂಡಿ ಬಿಚ್ಚಿ ಕೋಟು ಕಳಚಿದಳು. ಇಡಲು ಜಾಗ ಹುಡುಕಿದಳು. ಬೆಂಚಿನ ಮೇಲೆ, ನೆಲದ ಮೇಲೆ, ಎಲ್ಲೆಲ್ಲೂ ಲಕೋಟೆಗಳು.

"ಹಿಡ್ಕೊಳ್ಳಿ. ಕೆಳಗೆ ಬಿಡಬೇಡಿ, ನೆನ್ನೆ ತಾನೇ ಒಗೆದದ್ದು."

ಟೈಪಿಸ್ಟಮ್ಮ ಎರಡೂ ಕೈಚಾಚಿ ಇಸಿದುಕೊಂಡಳು. ಕಂಡಕ್ಟರು ಪರದೆಯ ಹಿಂದೆ ಹೋದಳು. "ಅಯ್ಯಪ್ಪಾ, ತಣ್ಣಗೆ!" ಎಂದು ಕಿರುಚಿದಳು. "ತಡೀರಿ ತಾಯಿ," ಎಂದ ಗೂಬೆಯಣ್ಣ. ಅವನು ಬರಿಯ ಅಂಗೈಯಿಂದ ಫಲಕವನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡುವ ಸದ್ದು ಕೇಳಿಸಿತು. "ಈಗ ಒರಗಿ. ಗದ್ದ ಮೇಲೆ. ಉಸಿರು ಎಳ್ಕೊಳ್ಳಿ, ಇನ್ನೂ, ಇನ್ನೂ ಸ್ವಲ್ಪ. ಹಾಂ, ಹಿಡೀರಿ."

ಬಾಗಿಲಲ್ಲಿ ನಿಂತಿದ್ದ ಚಿಕ್ಕ ಡಾಕ್ಟರು ಅಲುಗಲಿಲ್ಲ. ಯಂತ್ರ ಗುಂಯ್‌ಗುಟ್ಟತೊಡಗಿತು. ಕೋಟಿನ ಕಾಲರಿನಲ್ಲಿ ಮೈಬಿಸಿ ಇನ್ನೂ ಆರಿರಲಿಲ್ಲ. ಟೈಪಿಸ್ಟಮ್ಮ ಅದನ್ನು ನೆಲಕ್ಕೆ ತಾಗದಂತೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ತಾನೂ ಉಸಿರು ಬಿಗಿಹಿಡಿದು, "ಬಿಡಿ" ಎಂಬ ಮಾತಿಗಾಗಿ ಕಾಯುತ್ತ ನಿಂತಳು.