ಸಂದಿಯಿಲ್ಲದ ಕೋಣೆ

ಬೀರೂರಿನಲ್ಲಿ ಇಪ್ಪತ್ತು ವರ್ಷ ಮೈಕ್‌ಸೆಟ್ ಹಾಕಿದವನು ನಾನು. ಆರ್ಕೆಸ್ಟ್ರಾ, ಮದುವೆ, ಪಕ್ಷದ ಸಭೆ, ಎಲ್ಲಿ ಮಾತು ಗವ್ವೆಂದರೂ ‘ಹೊನ್ನೇಶನ್ನ ಕರೀರಿ’ ಅನ್ನುತ್ತಿದ್ದರು. ಸಭಾಂಗಣದ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿದರೆ, ಯಾವ ಗೋಡೆ ಸದ್ದನ್ನು ವಾಪಸ್ ಎಸೆಯುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಕಾಲೇಜಿನಲ್ಲಿ ಕಲಿತದ್ದಲ್ಲ, ಬೈಸಿಕೊಂಡು ಕಲಿತದ್ದು. ಆಮೇಲೆ ಆಫೀಸುಗಳಲ್ಲಿ ಸದ್ದು ತಡೆಯುವ ಕೆಲಸವೂ ಬರತೊಡಗಿತು.

ಹೋದ ವರ್ಷ ತರೀಕೆರೆಯ ಒಂದು ಅಡಿಕೆ ಕಂಪನಿಯ ಮ್ಯಾನೇಜರ್ ಪ್ರಕಾಶ್ ಕರೆಸಿದರು.

“ನಾನು ಒಳಗೆ ರೇಟು ಮಾತಾಡಿದ್ರೆ ಹೊರಗೆ ಕೂತ ದಲ್ಲಾಳಿಗೆಲ್ಲ ಕೇಳ್ಸುತ್ತೆ ಕಣ್ರೀ. ಒಂದಕ್ಷರ ಆಚೆ ಹೋಗ್ಬಾರ್ದು.”

ನನಗೂ ಹಟ ಬಂತು. ಅವರ ಛೇಂಬರಿನ ಗೋಡೆಗೆ ಎರಡು ಪದರ ಜಿಪ್ಸಂ ಹಲಗೆ, ಕಿಟಕಿಗೆ ಜೋಡಿ ಗಾಜು, ಬಾಗಿಲ ಸುತ್ತ ದಪ್ಪ ರಬ್ಬರ್. ಎಸಿ ಪೈಪು ಹೋಗುವ ತೂತನ್ನೂ ಬಿಡದೆ ಮೆತ್ತಿದೆ. ಕೊನೆಯ ದಿನ ಅಟೆಂಡರ್ ಮುಬೀನ್ ಭಾಯ್‌ನನ್ನು ಒಳಗೆ ಕಳಿಸಿ ಕೂಗಿಸಿದೆವು. ಹೊರಗೆ ಪಿಟ್ಟೆನ್ನಲಿಲ್ಲ.

“ಏನಂತ ಕೂಗಿದ್ಯೋ?” ಅಂದರು ಪ್ರಕಾಶ್.

“ಸಂಬಳ ಜಾಸ್ತಿ ಮಾಡಿ ಅಂತ ಸಾರ್.”

“ಅದು ಹೆಂಗೆ ಕೇಳ್ಸುತ್ತೆ ಬಿಡು!”

ಎಲ್ಲರೂ ನಕ್ಕೆವು. ಟೈಪಿಸ್ಟ್ ನಯನ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನು ನನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟೆ: ‘ಒಳಗೆ ಎಷ್ಟೇ ಜೋರಾಗಿ ಕೂಗಿದರೂ ಹೊರಗೆ ಕೇಳಿಸುವುದಿಲ್ಲ.’ ಕೆಳಗೆ ಸಹಿ, ಸೀಲು.

ಈ ಜೂನಿನಲ್ಲಿ ಅದೇ ನಯನ ಬೀರೂರಿನ ನನ್ನ ಅಂಗಡಿಗೆ ಬಂದಳು. ಅವಳದು ಹಾಡುವ ದನಿ, ಫೋನಿನಲ್ಲಿ ‘ಹಲೋ’ ಅಂದರೂ ಕೇಳುತ್ತಲೇ ಇರಬೇಕು ಅನ್ನಿಸುವಂಥದು. ಅವತ್ತು ಆ ದನಿ ಒಡೆದುಹೋಗಿತ್ತು. ಪ್ರಕಾಶ್ ಅವಳನ್ನು ಛೇಂಬರಿಗೆ ಕರೆಸಿ, ಕಿಟಕಿಯ ಪರದೆ ಎಳೆದು, ಬಾಗಿಲು ಹಾಕಿ, ಅವಳ ಕೈ ಹಿಡಿದು ಎಳೆದಿದ್ದ. ಅವಳು ಕೂಗಿಕೊಂಡಿದ್ದಳು. ಹೊರಗೆ ಹನ್ನೊಂದು ಜನ ಕೂತಿದ್ದರು.

“ಕಂಪನಿಗೆ ದೂರು ಕೊಟ್ಟೆ. ಯಾರಿಗೂ ಕೇಳ್ಸಿಲ್ವಂತೆ ಅಣ್ಣ. ಮುಬೀನ್ ಭಾಯ್ ಒಬ್ರೇ ಕೇಳ್ಸ್ತು ಅಂತ ಬರ್ಕೊಟ್ಟವ್ರೆ. ಅದಕ್ಕೆ ಆತ ನಿಮ್ಮ ಕಾಗದ ತಂದು ಮುಂದೆ ಇಟ್ಟ, ‘ಇಲ್ಲಿ ಕೂಗಿದ್ರೂ ಕೇಳ್ಸಲ್ಲ, ಇಬ್ರೂ ಸೇರಿ ಸುಳ್ಳು ಕಟ್ತಾವ್ರೆ’ ಅಂತ.”

ನಾನು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

“ಎಲ್ಲಾದ್ರೂ ಒಂದು ಸಣ್ಣ ಸಂದಿ ಇರಲ್ವಾ ಅಣ್ಣ?”

“ಇರುತ್ತೆ ಕಣಮ್ಮ,” ಅಂದೆ. “ಮನುಷ್ಯ ಮಾಡಿದ್ದು ಅಂದ್ಮೇಲೆ ಇದ್ದೇ ಇರುತ್ತೆ.”

ಕಂಪನಿ ಅವಳ ದೂರಿನ ವಿಚಾರಣೆ ಇಟ್ಟ ದಿನ ಬೆಳಗ್ಗೆ ಬೇಗ ಹೋದೆ. ರಬ್ಬರ್ ನೋಡಬೇಕು ಅಂತ ಹೇಳಿ ಛೇಂಬರ್ ತೆಗೆಸಿ, ಬಾಗಿಲು ಹಾಕಿಕೊಂಡು, ಊದುಬತ್ತಿ ಹಚ್ಚಿದೆ. ಗಾಳಿ ನುಸುಳುವ ಕಡೆ ಹೊಗೆ ಬಾಗುತ್ತದೆ. ಗಾಳಿ ಹೋದ ಕಡೆ ಮಾತೂ ಹೋಗುತ್ತದೆ. ಬಾಗಿಲ ಸುತ್ತ ಹಿಡಿದೆ, ಕಿಟಕಿಯ ಚೌಕಟ್ಟಿಗೆ ಹಿಡಿದೆ, ಎಸಿ ಪೈಪಿನ ಬಳಿ ಕುರ್ಚಿ ಹತ್ತಿ ಹಿಡಿದೆ. ಹೊಗೆ ನೂಲು ಇಳಿಬಿಟ್ಟ ಹಾಗೆ ನೆಟ್ಟಗೆ ನಿಂತಿತು. ನನ್ನ ಕೆಲಸ ಕೆಟ್ಟಿರಲಿ ಅಂತ ನಾನು ಬೇಡಿಕೊಂಡದ್ದು ಅದೇ ಮೊದಲು.

ಹೊರಗೆ ಬಂದು ಮುಬೀನ್ ಭಾಯ್‌ನ ಪಕ್ಕಕ್ಕೆ ಕರೆದೆ.

“ನಿಜ ಹೇಳು, ಕೇಳ್ಸ್ತಾ?”

ಅವನು ಚಹಾದ ಲೋಟಗಳನ್ನು ಒರೆಸುತ್ತ ಅಂದ, “ಇಲ್ಲ ಹೊನ್ನೇಶಣ್ಣ. ಬಾಗ್ಲು ತೆಗೆದು ಬಂದಾಗ ಆ ಹುಡುಗಿ ಮುಖ ನೋಡ್ದೆ. ನಂಗೂ ಮಗಳು ಅಲ್ಫಿಯಾ ಇಲ್ವಾ, ಇದೇ ವಯಸ್ಸು. ಒಬ್ಬನಾದ್ರೂ ಕೇಳ್ಸ್ಕೊಂಡಿರ್ಬೇಕಿತ್ತಲ್ಲ.”

ವಿಚಾರಣೆ ನಡೆಸಲು ಬಂದವರು ವಿಶಾಲಾಕ್ಷಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್. ಕೆಟ್ಟವರಲ್ಲ. ನನ್ನ ಕಾಗದವನ್ನು ಎರಡು ಸಲ ಓದಿ ಕೇಳಿದರು, “ಇದು ನಿಜವೇನಪ್ಪಾ?”

“ಬರೆದಾಗ ನಿಜ ಮೇಡಂ. ಈಗ ರಬ್ಬರ್ ಸವೆದಿದೆ. ಸಣ್ಣಗೆ ಕೇಳಿಸುತ್ತೆ.”

ನಾನು ಕಸುಬಿನಲ್ಲಿ ಸುಳ್ಳು ಹೇಳಿದವನಲ್ಲ.

“ಹಂಗಾದ್ರೆ ನೋಡೇಬಿಡೋಣ,” ಅಂದ ಪ್ರಕಾಶ್. “ಇವ್ರೇ ಒಳಗೆ ಹೋಗಿ ಕೂಗ್ಲಿ.”

ವಿಶಾಲಾಕ್ಷಮ್ಮ ಒಪ್ಪಿದರು. ಮುಬೀನ್ ಭಾಯ್‌ನನ್ನು ಕೋಣೆಗೆ ಬೆನ್ನು ಮಾಡಿ ನಿಲ್ಲಿಸಿ, “ಕೇಳಿಸಿದ ತಕ್ಷಣ ಕೈ ಎತ್ತಬೇಕು” ಅಂದರು.

ನಾನು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಪರದೆ ತೆಗೆದಿತ್ತು. ಗಾಜಿನಾಚೆ ಎಲ್ಲರೂ ಕಾಣುತ್ತಿದ್ದರು: ಬೆಂಚಿನ ತುದಿಯಲ್ಲಿ ನಯನ, ಗೋಡೆಗೆ ಒರಗಿದ ಪ್ರಕಾಶ್, ಮುಬೀನ್ ಭಾಯ್‌ನ ಬೆನ್ನು. ಊದುಬತ್ತಿಯ ವಾಸನೆ ಇನ್ನೂ ಇತ್ತು. ಒಂದು ನಿಮಿಷ ಸುಧಾರಿಸಿಕೊಳ್ಳೋಣ ಅಂತ ಉಸಿರು ಎಳೆದುಕೊಂಡೆ.

ಇನ್ನೂ ನಾನು ಬಾಯಿ ತೆಗೆದಿರಲಿಲ್ಲ. ಮುಬೀನ್ ಭಾಯ್ ಕೈ ಎತ್ತಿಬಿಟ್ಟ.

ಎತ್ತಿದ ಕೈ ಎತ್ತಿದ ಹಾಗೇ ಇತ್ತು. ವಿಶಾಲಾಕ್ಷಮ್ಮ ಗಾಜಿನೊಳಗೆ ನನ್ನ ಮುಚ್ಚಿದ ಬಾಯಿ ನೋಡಿದರು, ಆ ಕೈ ನೋಡಿದರು, ಕನ್ನಡಕ ತೆಗೆದರು. ಪ್ರಕಾಶ್ ನಗಲೂ ಇಲ್ಲ, ಗಡಿಯಾರ ನೋಡಿಕೊಂಡ.

ಆಮೇಲೆ ನಾನು ಕೂಗಿದೆ. ಸಾವಿರ ಜನದ ಗದ್ದಲದಲ್ಲೂ ಮೈಕಿಲ್ಲದೆ ಕೂಗಿದವನು. ‘ಅವಳು ಕೂಗಿದ್ದು ನಿಜ, ಕೇಳಿಸದ ಹಾಗೆ ಮಾಡಿದವನು ನಾನು’ ಅಂತ, ನರ ಹರಿಯುವಷ್ಟು ಕೂಗಿದೆ. ನನ್ನ ದನಿ ನನ್ನ ಕಿವಿಯ ಬುಡದಲ್ಲೇ ಸತ್ತಿತು.

ಹೊರಗೆ ವಿಶಾಲಾಕ್ಷಮ್ಮ ಏನೋ ಬರೆಯುತ್ತಿದ್ದರು. ಮುಬೀನ್ ಭಾಯ್ ನಿಧಾನಕ್ಕೆ ಕೈ ಇಳಿಸಿದ. ನಯನ ಎದ್ದು, ಊಟದ ಬುತ್ತಿಯನ್ನು ಬ್ಯಾಗಿಗೆ ಹಾಕಿಕೊಂಡು, ನನ್ನ ಕಡೆ ತಿರುಗದೆ ಮೆಟ್ಟಿಲಿಳಿದಳು. ಅವಳ ಚಪ್ಪಲಿಯ ಸದ್ದೂ ನನಗೆ ಕೇಳಿಸಲಿಲ್ಲ.