ಇಂಚಿಗೆ ಎಂಟು ಹೊಲಿಗೆ

ಅತ್ತೆಗೆ ತಾಳ್ಮೆ ಇರಲಿಲ್ಲ. ಇದ್ದಷ್ಟನ್ನೂ ಬಟ್ಟೆಗೇ ಖರ್ಚು ಮಾಡಿಬಿಡುತ್ತಿದ್ದಳು, ಉಳಿದ ಲೋಕಕ್ಕೆ ಏನೂ ಮಿಗುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಒಂದೇ ಅಂಚನ್ನು ಮೂರು ಸಲ ಬಿಚ್ಚಿ ಹೊಲಿಯುವ ಹೆಂಗಸು, ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಉಗುರುಬೆಚ್ಚಗಿರುವಾಗಲೇ ಇಳಿಸುತ್ತಿದ್ದಳು. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದು ಹೊರಡುತ್ತಿದ್ದಳು. ಬಸ್ಸು ದಾರಿಯಲ್ಲಿ ಅವಳನ್ನು ದಾಟಿ ಹೋಗುತ್ತಿತ್ತು.

ಆ ಬಸ್ಸುಗಳ ಸಹವಾಸವೇ ಬೇಡವೆಂದು ಇಪ್ಪತ್ತು ವರ್ಷ ಹಳೆಯ ಕಾರೊಂದನ್ನು ಕೊಂಡಿದ್ದಳು. ಬಣ್ಣ ಕೆಂಪು, ಸ್ಟಾರ್ಟ್ ಮಾಡಿದರೆ ಕೆಮ್ಮು. ಬೀದಿಯವರು ಅದಕ್ಕೆ ಕೆಮ್ಮಣ್ಣ ಎಂದು ಹೆಸರಿಟ್ಟಿದ್ದರು. ಮೂರು ತಿಂಗಳಿಂದ ಕೆಮ್ಮಣ್ಣನಿಗೆ ಹೊಸ ಕಾಯಿಲೆ: ಎಂಜಿನ್ ಆಯಿಲ್ ಸೋರುತ್ತಿತ್ತು. ನಿಲ್ಲಿಸಿದ ಕಡೆಯೆಲ್ಲ ನೆಲದ ಮೇಲೆ ತಟ್ಟೆಯಗಲ ಕಪ್ಪು ಕಲೆ.

ಸೋಮವಾರ ಬೆಳಗ್ಗೆ ಹತ್ತಕ್ಕೆ, ತೊಂಬತ್ತು ಕಿಲೋಮೀಟರ್ ಆಚೆ, ಹೊಸ ನರ್ಸಿಂಗ್ ಹೋಮ್ ಒಂದು ಬಾಗಿಲು ತೆರೆಯುವುದಿತ್ತು. ಅದರ ಮೂವತ್ತು ಮಂಚಗಳ ಸುತ್ತ ಇಳಿಬಿಡುವ ಪರದೆಗಳೆಲ್ಲ ಅತ್ತೆಯ ಕೆಲಸ. ಇಪ್ಪತ್ತೆರಡು ವರ್ಷ ಕಂಡವರ ಪ್ಯಾಂಟು ಗಿಡ್ಡ ಮಾಡಿ, ಕಿತ್ತುಹೋದ ಜಿಪ್ಪು ಬದಲಿಸಿ ಬದುಕಿದವಳಿಗೆ ಇದು ಹೊಸ ಬಟ್ಟೆಯ ಮೊದಲ ದೊಡ್ಡ ಆರ್ಡರು. ಹತ್ತರೊಳಗೆ ತಲುಪದಿದ್ದರೆ ಅಂಗಡಿಯಿಂದ ರೆಡಿ ಪರದೆ ತರಿಸುತ್ತೇವೆಂದು ಅಲ್ಲಿಯ ಮೇಟ್ರನ್ ಮೊದಲೇ ಹೇಳಿದ್ದಳು. ಬಾಡಿಗೆ ಟೆಂಪೊದವನು ಯಾರದೋ ಮನೆ ಸಾಮಾನು ಹೇರಿಕೊಂಡು ಹೋದವನು ಬರುವುದು ಮಂಗಳವಾರ. ನಡುಮನೆಯಲ್ಲಿ ಪೇರಿಸಿಟ್ಟಿದ್ದ ಒಂಬತ್ತು ಗಂಟುಗಳು ಬಸ್ಸು ಹತ್ತುವಂಥವಲ್ಲ. ಕೆಮ್ಮಣ್ಣನೇ ಗತಿ.

ಶನಿವಾರ ಮೆಕ್ಯಾನಿಕ್ ಕಾರಿನಡಿ ಮಲಗಿ ಟಾರ್ಚ್ ಬಿಟ್ಟು ನೋಡಿ, ಎಂಜಿನ್ನೂ ಗಿಯರ್ ಬಾಕ್ಸೂ ಕೂಡುವ ಜಾಗದಿಂದ ಹನಿ ಬೀಳುತ್ತಿದೆ, ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದಿದ್ದ. ಎಂಜಿನ್ ಇಳಿಸಬೇಕು, ಹತ್ತು ದಿನ ಬೇಕು. ಅಲ್ಲಿಯವರೆಗೆ ಮಾರ್ಕೆಟ್ಟಿಗಿಂತ ದೂರ ಹೋದರೆ ದಾರಿಯಲ್ಲೇ ಆಯಿಲ್ ಬರಿದಾಗಿ ಎಂಜಿನ್ ಜಾಮ್ ಆಗುತ್ತದೆ, ಆಮೇಲೆ ತನ್ನನ್ನು ಬೈಯಬಾರದು ಎಂದೂ ಸೇರಿಸಿದ್ದ. ಅತ್ತೆ ಅವನನ್ನು ಮುಂಗಡವಾಗಿಯೇ ಬೈದು ಬಂದಳು.

ಸೊಸೆ ಆ ಮನೆಗೆ ಬಂದು ಏಳು ತಿಂಗಳಾಗಿತ್ತು. ನೀರು ಸರಬರಾಜು ಕಚೇರಿಯಲ್ಲಿ ಅವಳ ಕೆಲಸ, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು. ಕಬ್ಬಿಣದ ಸರಳೊಂದನ್ನು ನೆಲಕ್ಕೂರಿ ಇನ್ನೊಂದು ತುದಿಗೆ ಕಿವಿ ಹಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ನಿನ್ನ ಹೆಂಡತಿ ರಸ್ತೆ ಹೇಳಿದ್ದನ್ನೆಲ್ಲ ಕೇಳ್ತಾಳೆ, ನಾನು ಹೇಳಿದ್ದೊಂದು ಕೇಳಲ್ಲ ಎಂದು ಅತ್ತೆ ಮಗನ ಹತ್ತಿರ ದೂರುತ್ತಿದ್ದಳು.

ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತ ಸೊಸೆ, ಮೆಕ್ಯಾನಿಕ್ ಮೇಲಿಂದ ನೋಡಿದನೇ ಎಂದು ಕೇಳಿದಳು. ಇಲ್ಲ, ಕೆಳಗಿಂದ ಮಾತ್ರ.

"ಒದ್ದೆಯಾದ ಕಡೆ ಅಗೆಯೋಕೆ ಶುರು ಮಾಡಿದ್ರೆ ಅರ್ಧ ಊರು ಅಗೀಬೇಕಾಗುತ್ತೆ ಅತ್ತೆ," ಎಂದಳು. "ಹನಿ ಬೀಳೋ ಜಾಗ ಒಂದು, ಹುಟ್ಟೋ ಜಾಗ ಇನ್ನೊಂದು. ಇವತ್ತೊಂದಿನ ಕಾರು ನನಗೆ ಬಿಡಿ."

ಅತ್ತೆ ಒಂಬತ್ತು ಗಂಟುಗಳ ಕಡೆ ನೋಡಿದಳು. ಬೇರೆ ದಾರಿ ಇರಲಿಲ್ಲ, ಬಿಟ್ಟಳು.

ಮೊದಲು ಎಂಜಿನ್ನನ್ನು ಪೂರ್ತಿ ತೊಳೆಯಬೇಕಿತ್ತು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಗಂಡನ ಒಂದು ಬನಿಯನ್. ಅದು ಸಾಲದೆ ಇನ್ನೊಂದು ಬನಿಯನ್. ಎರಡನೆಯದು ಹಳೆಯದಲ್ಲ ಎಂದು ಗಂಡ ಹೇಳುವಷ್ಟರಲ್ಲಿ ಅದು ಹಳೆಯದಾಗಿತ್ತು. ತೊಳೆಯುತ್ತಿದ್ದಾಗ ಸೊಸೆಗೆ ಒಂದು ಸಂಗತಿ ವಿಚಿತ್ರವೆನಿಸಿತು. ಎಂಜಿನ್ನಿನ ಕೆಳಭಾಗ ಎಣ್ಣೆ ಧೂಳು ಕೂಡಿ ಅಂಟಂಟು, ಮೇಲ್ಭಾಗ ಮಾತ್ರ ಊಟದ ಮೇಜಿನ ಹಾಗೆ ಲಕಲಕ. ಇದೇನೆಂದು ವಿಚಾರಿಸಿದರೆ, ಮೆಕ್ಯಾನಿಕ್ ಹತ್ತಿರ ಒಯ್ಯುವ ಮುನ್ನ ಪ್ರತಿ ಸಲವೂ ಅತ್ತೆಯೇ ಒರೆಸಿ ಒಯ್ಯುತ್ತಿದ್ದಳು.

"ಕೊಳಕು ಎಂಜಿನ್ ಇಟ್ಕೊಂಡು ಇನ್ನೊಬ್ಬರ ಮುಂದೆ ಹೋಗೋಕಾಗುತ್ತೇನೇ? ಮಾನ ಮರ್ಯಾದೆ ಬೇಡವಾ?"

ಅಮ್ಮ ಡಾಕ್ಟರ್ ಹತ್ತಿರವೂ ಹಾಗೇ, ಜ್ವರ ಬಂದರೂ ಮುಖಕ್ಕೆ ಪೌಡರ್ ಬಳಿದುಕೊಂಡು ಹೋಗ್ತಾಳೆ, ಅವರು ಚೆನ್ನಾಗೇ ಇದ್ದೀರಲ್ಲ ಅಂತ ವಾಪಸ್ ಕಳಿಸ್ತಾರೆ ಎಂದ ಮಗ.

"ಆ ಪೌಡರ್ ಡಬ್ಬಿನೇ ತನ್ನಿ ರೀ," ಎಂದಳು ಸೊಸೆ.

ಅತ್ತೆಯ ಡಬ್ಬಿ ಅವಳ ಕಣ್ಣೆದುರೇ ಖಾಲಿಯಾಯಿತು. ಒಣಗಿದ ಎಂಜಿನ್ನಿನ ಮೇಲೂ ಕೆಳಗೂ ಸಂದುಗೊಂದಿಗೂ ಸೊಸೆ ಪೌಡರ್ ಉದುರಿಸಿದಳು. ಎಣ್ಣೆ ಎಲ್ಲಿ ಹುಟ್ಟಿದರೂ ಬಿಳಿಯ ಮೇಲೆ ಕಪ್ಪಾಗಿ ಕಾಣಲೇಬೇಕು. ಕೆಮ್ಮಣ್ಣ ಮದುಮಗನ ಹಾಗೆ ಘಮಘಮಿಸಿದ.

ಇನ್ನು ಅರ್ಧ ಗಂಟೆ ಓಡಿಸಬೇಕು, ಅಲ್ಲಿಯವರೆಗೆ ಬಾನೆಟ್ ತೆರೆಯಕೂಡದು. ಎಂಜಿನ್ ಚೆನ್ನಾಗಿ ಕಾಯದೆ ನೋಡಿದರೆ ಏನೂ ಸಿಗುವುದಿಲ್ಲ. ಅತ್ತೆ ಸ್ಟಿಯರಿಂಗ್ ಹಿಡಿದಳು, ಸೊಸೆ ಪಕ್ಕದಲ್ಲಿ ಗಡಿಯಾರ ನೋಡುತ್ತ ಕೂತಳು. ಮೊದಲ ತಿರುವಿಗೇ ಅತ್ತೆ, ಒಂದು ಸಲ ಇಣುಕಿ ನೋಡೋಣವೇ ಎಂದಳು. ಬೇಡ. ಎರಡನೇ ತಿರುವಿಗೆ, ಏನೋ ವಾಸನೆ ಬರ್ತಿದೆ ಎಂದಳು. ಅದು ನಿಮ್ಮದೇ ಪೌಡರ್ ಎಂದಳು ಸೊಸೆ. ಒಂದೇ ಬೀದಿಯಲ್ಲಿ ಕಾರು ಐದನೇ ಸಲ ಬಂದದ್ದು ಕಂಡು ತರಕಾರಿ ಅಂಗಡಿಯವನು ಏನಾದರೂ ಕಳೆದುಹೋಯ್ತಾ ಎಂದು ಕೂಗಿದ. ಹೌದು, ಆಯಿಲು ಎಂದಳು ಸೊಸೆ. ಅತ್ತೆಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಮನೆ ಮುಂದೆ ನಿಲ್ಲಿಸಿಬಿಟ್ಟಳು. ಒಂದು ನಿಮಿಷವನ್ನು ಸೊಸೆ ಬಿಟ್ಟುಕೊಟ್ಟಳು.

ಬಾನೆಟ್ ಎತ್ತಿದರು. ಮಗ ಟಾರ್ಚ್ ಹಿಡಿದ. ಕೆಳಗೆ, ಮೆಕ್ಯಾನಿಕ್ ತೋರಿಸಿದ ಜಾಗದಲ್ಲಿ, ಪೌಡರ್ ಹಾಕಿದ್ದು ಹಾಕಿದ ಹಾಗೇ ಬೆಳ್ಳಗಿತ್ತು. ಮೇಲುಗಡೆ, ಎಂಜಿನ್ನಿನ ಹಿಂಬದಿಯಲ್ಲಿ, ಒಂದು ಕಪ್ಪು ಗೆರೆ ಕೆಳಗಿಳಿಯಲು ಹೊರಟಿತ್ತು. ಸೊಸೆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದಳು. ಗೆರೆ ಹೋಗಿ ನಿಂತದ್ದು ಆಯಿಲ್ ಹಾಕುವ ಬಾಯಿಯ ಮುಚ್ಚಳದಲ್ಲಿ. ಮುಚ್ಚಳದಡಿಯಿಂದ ಕಪ್ಪು ರೆಕ್ಸಿನ್ನಿನ ಬಳೆಯೊಂದು ಚೂರೇ ಹೊರಗೆ ಚಾಚಿತ್ತು. ಬಳೆಯ ಸುತ್ತ ಪೌಡರಿನ ಮೇಲೆ ಸಾಸಿವೆಯಷ್ಟೇ ಸಣ್ಣ ಎಣ್ಣೆಯ ಚುಕ್ಕೆಗಳು, ಒಂದರ ಪಕ್ಕ ಒಂದು, ಸಮನಾದ ಅಂತರದಲ್ಲಿ, ಸ್ಕೇಲಿಟ್ಟು ಹಾಕಿದ ಹಾಗೆ.

ಸೋರುವ ಪದಾರ್ಥ ಇಷ್ಟು ಶಿಸ್ತಾಗಿ ಸೋರಿದ್ದನ್ನು ಸೊಸೆ ಕಂಡಿರಲಿಲ್ಲ. ಆದರೆ ಆ ಅಂತರವನ್ನು ಏಳು ತಿಂಗಳಿಂದ ದಿನವೂ ನಡುಮನೆಯಲ್ಲಿ ನೋಡಿದ್ದಳು. ಹೇಳದೆ ಮುಚ್ಚಿಟ್ಟು, ಪತ್ತೆಯಾಯ್ತು, ಸರಿ ಮಾಡ್ತೀನಿ ಅಂದುಬಿಡಬಹುದಿತ್ತು. ಆದರೆ ಕಾರಣ ಗೊತ್ತಿಲ್ಲದವರು ಅದನ್ನೇ ಮತ್ತೆ ಮಾಡುತ್ತಾರೆ.

"ಅತ್ತೆ, ನಿಮ್ಮ ಟೇಪು ಕೊಡಿ."

ಅತ್ತೆ ಕೊರಳಿನ ಟೇಪು ತೆಗೆದವಳು ಕೊಡಲಿಲ್ಲ. ತಾನೇ ಬಗ್ಗಿ, ಮುಚ್ಚಳದ ಅಂಚಿಗೆ ಹಿಡಿದು, ಉಗುರಿನಿಂದ ಚುಕ್ಕೆಗಳನ್ನು ಎಣಿಸಿದಳು.

"ಇಂಚಿಗೆ ಎಂಟು," ಎಂದಳು. "ನನ್ನದೇ."

ಆಮೇಲೆ ಹೇಳಿದಳು. ನಾಲ್ಕು ತಿಂಗಳ ಹಿಂದೆ ಮುಚ್ಚಳದೊಳಗಿನ ರಬ್ಬರ್ ಬಳೆ ಹಪ್ಪಳದ ಹಾಗೆ ಮುರಿದಿತ್ತು. ಬಿಡಿಭಾಗದ ಅಂಗಡಿಯವನು ಒಂದು ವಾರ ಕಾಯಬೇಕೆಂದ. ವಾರವಂತೆ ವಾರ ಎಂದು ಸೀಟಿನ ಕವರಿನ ಚೂರು ಕತ್ತರಿಸಿ, ಎರಡು ಪದರ ಮಾಡಿ, ಸುತ್ತ ಮಿಷನ್ ಹೊಲಿಗೆ ಹಾಕಿ ಕೂರಿಸಿದ್ದಳು. ಚೆನ್ನಾಗಿ ಬಂದಿತ್ತು. ಸೂಜಿ ಹೋದಲ್ಲೆಲ್ಲ ತೂತಾಗುತ್ತದೆ, ನೂಲು ದೀಪದ ಬತ್ತಿಯಂತೆ ಎಣ್ಣೆ ಹೀರುತ್ತದೆ ಎಂದು ಹೊಳೆದಿರಲಿಲ್ಲ. ತಿಂಗಳಾದ ಮೇಲೆ ಕಾರಿನಡಿ ಹನಿ ಕಂಡಾಗಲೂ ಮೇಲಿನ ಮುಚ್ಚಳದ ನೆನಪು ಬಂದಿರಲಿಲ್ಲ. ಕಂಡೀತು ಎನ್ನುವ ಹೊತ್ತಿಗೆ ಒರೆಸಿಬಿಡುತ್ತಿದ್ದಳಲ್ಲ.

ಮಗ ಟಾರ್ಚ್ ಆರಿಸಿ, ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತ ಗಾದೇನೇ ಇದೆ, ಬಿಡಮ್ಮ ಎಂದ. ನಗು ತಡೆಯಲು ಹೋಗಿ ಅವನ ಧ್ವನಿ ನಡುಗುತ್ತಿತ್ತು. ಸೊಸೆ ಕೆಳದುಟಿ ಕಚ್ಚಿ ಆಕಾಶ ನೋಡಿದಳು. ಅತ್ತೆ ಇನ್ನೂ ಮುಚ್ಚಳದ ಮೇಲೇ ಬಗ್ಗಿದ್ದಳು.

"ಏನೇ ಹೇಳು, ಹೊಲಿಗೆ ಮಾತ್ರ ನೆಟ್ಟಗಿದೆ," ಎಂದಳು. "ಒಂದು ಚುಕ್ಕೆನೂ ಸೊಟ್ಟ ಇಲ್ಲ ನೋಡೇ."

ಮೊದಲು ನಕ್ಕವಳು ಅವಳೇ. ಆಮೇಲೆ ಮೂವರೂ ಬಾನೆಟ್ ಹಿಡಿದು ನಿಲ್ಲಬೇಕಾಯಿತು. ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಭಾನುವಾರ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಸೊಸೆ ಆಫೀಸಿನ ಚೀಲ ಸುರುವಿ ನೀರಿನ ಪೈಪಿಗೆ ಹಾಕುವ ವಾಷರುಗಳಲ್ಲಿ ಅಳತೆಗೆ ಕೂರುವುದೊಂದನ್ನು ಆರಿಸಿದಳು. ಇದು ನೀರಿನ ರಬ್ಬರು, ಬಿಸಿ ಎಣ್ಣೆಯಲ್ಲಿ ಕೆಲವು ದಿನಕ್ಕೆ ಊದಿಕೊಳ್ಳುತ್ತದೆ, ನಾಳೆ ಹೋಗಿ ಬರುವ ಮಟ್ಟಿಗೆ ಸಾಕು, ಆಮೇಲೆ ಸರಿಯಾದದ್ದನ್ನೇ ತರಿಸಬೇಕು ಎಂದು ವಿವರಿಸಿದಳು. ಒಂದು ವಾರ ಕಾಯಬೇಕಾದರೂ.

"ಖಾತ್ರಿನಾ?"

"ಖಾತ್ರಿ ಅನ್ನಲ್ಲ. ಇನ್ನೊಂದು ಗಂಟೆ ಓಡಿಸಿ ನೋಡೋಣ. ನಾಳೆ ರಜಾ ಹಾಕಿ ನಾನೂ ಬರ್ತೀನಿ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ, ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡೋಣ."

ಕಪ್ಪು ಗೆರೆ ಒರೆಸಿ, ಡಬ್ಬಿಯ ತಳಕ್ಕಂಟಿದ್ದ ಪೌಡರನ್ನೂ ಕೊಡವಿ, ಮತ್ತೆ ಒಂದು ಗಂಟೆ. ಈ ಸಲ ಅತ್ತೆ ಕಾರಿಗೆ ಹತ್ತಲಿಲ್ಲ. ತನ್ನಿಂದಾಗದು ಎಂದು ಒಳಗೆ ಹೋಗಿ, ಸರಿಯಾಗೇ ಇದ್ದ ಪರದೆಯೊಂದರ ಅಂಚು ಬಿಚ್ಚಿ ಮತ್ತೆ ಹೊಲಿಯುತ್ತ ಕೂತಳು. ಮಗ ಸೊಸೆ ವಾಪಸಾದಾಗ ಮುಚ್ಚಳದ ಸುತ್ತ ಬಿಳಿ ಬಿಳಿಯಾಗೇ ಇತ್ತು.

ಸೋಮವಾರ ಒಂಬತ್ತೂ ನಲವತ್ತಕ್ಕೆ ಅವರು ತಲುಪಿದರು. ಮೇಟ್ರನ್ ಒಂದು ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. ಹೊಲಿಗೆ ಮಿಸುಕಲಿಲ್ಲ. ಕಿಟಕಿಗಳಿಗೆ ಇನ್ನೂ ಯಾರಿಗೂ ಹೇಳಿಲ್ಲ, ಅಳತೆ ತಗೊಂಡು ಹೋಗ್ತೀರಾ ಎಂದು ಕೇಳಿದಳು. ಅತ್ತೆಯ ಟೇಪು ಆಗಲೇ ಮೊದಲ ಕಿಟಕಿಯ ಮೇಲಿತ್ತು.

ಸಂಜೆ ಮನೆ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರುವವರೆಗೆ ಸೊಸೆ ಅತ್ತೆಯ ಕೈ ಹಿಡಿದು ಕೂರಿಸಿ, ಆಮೇಲೆ ಕಡ್ಡಿ ಎಳೆದು ನೋಡಿದಳು. ಎರಡು ದಿನದಲ್ಲಿ ಹೋದದ್ದು ಬನಿಯನ್ ಎರಡು, ಪೌಡರ್ ಡಬ್ಬಿ ಒಂದು, ಸೊಸೆಯ ರಜೆ ಒಂದು, ದಾರಿಯಲ್ಲಿ ಎಲ್ಲೋ ಉದುರಿದ ಪರದೆ ಕೊಕ್ಕೆ ಮೂರು. ಆಯಿಲ್, ಸೊನ್ನೆ.